ಅಜ್ಜನ ಹೊಟ್ಟೆಯಲ್ಲಿ ಉಳಿದ ಮಿಂಚು

“ನನ್ನ ಅಕ್ಕನ ಮಗನ ತಲೇಲಿ ಇರೋದು ಮಿದುಳಲ್ಲ ಸ್ವಾಮಿ, ಮರಳು. ಇವನನ್ನ ಮಡಚಿ, ದೀಪ ಉರುಳದ ಹಾಗೆ ಆ ಸ್ಟ್ಯಾಂಡಿನ ಕಾಲ ಮೇಲೆ ಹಾಕಿದ್ರೆ ನಮಗೆ ಒಂದು ಮರಳಿನ ಚೀಲ ಉಳಿಯುತ್ತೆ.”

ಮಾವ ಇದನ್ನು ಪಿಸುಮಾತಿನಲ್ಲಿ ಹೇಳಲಿಲ್ಲ. ಗುಂಪು ಫೋಟೊ ತೆಗೆದು ತೆಗೆದು, ಹಿಂದಿನ ಸಾಲಿನವರಿಗೆ ‘ಗಲ್ಲ ಮೇಲೆ’ ಅಂತ ಕೂಗಿ ಕೂಗಿ ಪಳಗಿದ ಗಂಟಲು ಅದು. ಸ್ಟುಡಿಯೋದಲ್ಲಿ ಮೂರು ಸಾಲಾಗಿ ನಿಂತಿದ್ದ ಇಡೀ ಬ್ಯಾಂಡ್ ತಂಡಕ್ಕೆ, ಬಾಗಿಲ ಬಳಿ ಪೌಡರ್ ಡಬ್ಬಿ ಹಿಡಿದಿದ್ದ ಅತ್ತೆಗೆ, ಬಹುಶಃ ರಸ್ತೆಯಾಚೆಯ ಕನ್ನಡಕದ ಅಂಗಡಿಯವನಿಗೂ ಕೇಳಿಸಿತು. ಕೆಂಪು ಕೋಟಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟಕ್ಕೇ ಮುಗಿದಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಎರಡನೇ ಸಾಲಿನಲ್ಲಿದ್ದ ದಪ್ಪ ಮನುಷ್ಯನೊಬ್ಬ ತನ್ನ ಟ್ರಾಂಬೋನನ್ನು ಬಾಯಿಗಿಟ್ಟು, ಸೋತವನ ಬೆನ್ನ ಹಿಂದೆ ಊದುವ ರಾಗವನ್ನು ‘ವಾ… ವಾ… ವಾಂ…’ ಅಂತ ಉದ್ದಕ್ಕೆ ಎಳೆದ. ದೊಡ್ಡ ಡ್ರಮ್ಮಿನವನು ಕೊನೆಗೆ ಒಂದು ‘ಢಬ್’ ಸೇರಿಸಿದ. ಬೈಗುಳಕ್ಕೂ ಹಿನ್ನೆಲೆ ಸಂಗೀತ ಇರುತ್ತದೆ ಅನ್ನುವುದು ಕೆಂಡನಿಗೆ ಅವತ್ತೇ ಗೊತ್ತಾದದ್ದು.

ಕೆಂಡ ಅಂದರೆ ಅವನೇ, ಆ ಮರಳು ತಲೆಯವನು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆ ಹೆಸರಿನಿಂದ ಈಗ ಯಾರೂ ಕರೆಯುತ್ತಿರಲಿಲ್ಲ. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ. ಬಿಟ್ಟಿದ್ದ ಅನ್ನುವುದಕ್ಕಿಂತ ಲೆಕ್ಕದ ಮೇಷ್ಟ್ರ ಮೇಜಿನ ಮೇಲೆ ಡಸ್ಟರ್ ಕುಕ್ಕಿ ಹೊರಗೆ ನಡೆದಿದ್ದ ಅನ್ನಬೇಕು. ಆಮೇಲೆ ಅಚ್ಚುಕೂಟಕ್ಕೆ ಸೇರಿದ. ಮಾಲೀಕನಿಗೆ ಎದುರಾಡಿ ಕೆಲಸ ಕಳೆದುಕೊಂಡ. ಬೀಗ ರಿಪೇರಿ ಅಂಗಡಿಗೆ ಸೇರಿದ. ಚೌಕಾಸಿ ಮಾಡಿದ ಗಿರಾಕಿಗೆ ‘ನಿಮ್ಮ ಮನೇಲಿ ಕದಿಯೋಕೆ ಏನಿದೆ ಅಂತ ಬೀಗ’ ಅಂದುಬಿಟ್ಟ. ಕೋಪ ಮೂಗಿನ ತುದಿಯಲ್ಲಿ, ಉತ್ತರ ನಾಲಿಗೆಯ ತುದಿಯಲ್ಲಿ. ಕೊನೆಗೆ ಅಪ್ಪನ ಟೈರ್ ಅಂಗಡಿಯಲ್ಲಿ ಕೂರಿಸಿದರು. ಅಲ್ಲಿ ಮಾತಾಡುವುದಕ್ಕೆ ಟೈರುಗಳು ಮಾತ್ರ ಇದ್ದವು. ಹಾಗಾಗಿ ಜಗಳವಿಲ್ಲ, ಬದುಕೂ ಇಲ್ಲ.

ಅಲ್ಲಿಂದ ಅವನನ್ನು ಎಬ್ಬಿಸಿಕೊಂಡು ಬಂದವಳು ಅತ್ತೆ. ಸ್ಟುಡಿಯೋದಲ್ಲಿ ಮುಖಕ್ಕೆ ಪೌಡರ್ ಹಚ್ಚುವುದು, ಕೂದಲು ತಿದ್ದುವುದು, ಅಳುವ ಮಕ್ಕಳನ್ನು ನಗಿಸುವುದು, ನಗುವ ದೊಡ್ಡವರನ್ನು ಸುಮ್ಮನಾಗಿಸುವುದು ಎಲ್ಲ ಅವಳದೇ. ಬರುವಾಗಲೇ ಒಂದೇ ಒಂದು ಕರಾರು ಹಾಕಿದ್ದಳು.

“ನಿಮ್ಮ ಮಾವನ ಬಾಯಿ ಹರಿತ, ನನಗೂ ಗೊತ್ತು. ಒಳಮನೇಲಿ ನೀನು ಎಷ್ಟು ಬೇಕಾದ್ರೂ ಕೂಗಾಡು, ನಾನೂ ಜೊತೆಗೆ ಕೂಗ್ತೀನಿ. ಗಿರಾಕಿಗಳ ಮುಂದೆ ಮಾತ್ರ ಒಂದೇ ಒಂದು ಎದುರುತ್ತರ ಬಂತೋ, ಅವತ್ತೇ ವಾಪಸ್ ಟೈರ್ ಅಂಗಡಿ.”

ಅವನು ಒಪ್ಪಿದ್ದು ಅಜ್ಜನಿಗಾಗಿ.

ಅಜ್ಜ ಅನ್ನುವುದು ಮನುಷ್ಯನಲ್ಲ, ಕಬ್ಬಿಣದ ಕಪ್ಪು ಪೆಟ್ಟಿಗೆ. ಸ್ಟುಡಿಯೋದ ದೊಡ್ಡ ಫ್ಲ್ಯಾಶ್ ದೀಪಕ್ಕೆ ಶಕ್ತಿ ತುಂಬುವುದು ಅದೇ. ಮಾವನೂ ಕೆಂಡನ ಅಪ್ಪನೂ ಮದುವೆಗೆ ಮುಂಚಿನ ಗೆಳೆತನದಲ್ಲಿ ಸೇರಿ ಕೊಂಡ ಹಳೇ ಮಾಲು. ಸ್ವಿಚ್ ಹಾಕಿದರೆ ‘ಕುಂಯ್’ ಅಂತ ಸಣ್ಣಗೆ ಶುರುವಾಗಿ, ಹಲ್ಲು ಕಚ್ಚಿಕೊಂಡವನ ಹಾಗೆ ಸದ್ದು ಏರುತ್ತಾ ಏರುತ್ತಾ ಹೋಗಿ, ಹೊಟ್ಟೆ ತುಂಬಿದಾಗ ಕೆಂಪು ಚುಕ್ಕೆದೀಪ ಹತ್ತಿಕೊಳ್ಳುತ್ತದೆ. ಆಮೇಲೆ ಮಾವ ಕ್ಯಾಮೆರಾ ಗುಂಡಿ ಒತ್ತಿದರೆ ಒಂದೇ ಏಟಿಗೆ ‘ಠಪ್’. ಕೋಣೆಯೆಲ್ಲ ಬೆಳ್ಳಗೆ. ಮೊದಲ ದಿನ ಅದನ್ನು ಕೇಳಿದಾಗ ಕೆಂಡನ ಮೈಯ ರೋಮವೆಲ್ಲ ಎದ್ದು ನಿಂತಿತ್ತು. ತನಗಿಂತ ಹೆಚ್ಚು ಸಿಟ್ಟು ತುಂಬಿಕೊಳ್ಳುವ ಒಂದು ವಸ್ತು ಲೋಕದಲ್ಲಿದೆ, ಅದೂ ಆ ಸಿಟ್ಟಿನಿಂದ ಒಂದು ಚಂದದ ಫೋಟೊ ಬರುತ್ತದೆ ಅಂದರೆ, ಅಂಥದ್ದನ್ನು ಬಿಟ್ಟು ಯಾವನು ಟೈರಿಗೆ ಗಾಳಿ ಹೊಡೆಯುತ್ತಾನೆ? ಆದರೆ ಅಜ್ಜನ ಸ್ವಿಚ್ಚು, ಗುಂಡಿ ಮುಟ್ಟುವುದಕ್ಕೆ ಮಾತ್ರ ಅವನಿಗೆ ಅಪ್ಪಣೆ. ದೀಪದಿಂದ ಬಂದು ಪೆಟ್ಟಿಗೆಗೆ ಸೇರುವ ದಪ್ಪ ವೈರಿನ ಪ್ಲಗ್ಗನ್ನು ಮಾವ ಇನ್ನೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅದನ್ನು ಬಿಚ್ಚಿ ಹಾಕುವ ಕೈ ಯಾವತ್ತು ತನ್ನದಾಗುತ್ತದೋ ಅವತ್ತು ತಾನು ದೀಪದವನು. ಅಲ್ಲಿಯವರೆಗೆ ಸ್ಟ್ಯಾಂಡ್ ಹೊರುವವನು, ಅಷ್ಟೆ.

ಇವತ್ತಿನ ಸಿಟ್ಟಿನ ನಿಜವಾದ ಕಾರಣ ಬೇರೆ. ಮಾವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ದೀಪದ ಮೂತಿಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಗಾಜು ಒಡೆಯದಿರಲಿ, ಧೂಳು ಕೂರದಿರಲಿ ಅಂತ ಅಂಗಡಿ ಮುಚ್ಚುವಾಗ ಹಾಕುತ್ತಾರೆ. ಬೆಳಿಗ್ಗೆ ಮೊದಲು ಅದನ್ನು ತೆಗೆಯಬೇಕು, ಆಮೇಲೆ ಮಿಕ್ಕದ್ದು. ಬ್ಯಾಂಡಿನವರು ಹೇಳಿದ್ದಕ್ಕಿಂತ ಮುಂಚೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. ಅವರ ಮೇಷ್ಟ್ರು ಕೆಲಸದಿಂದ ನಿವೃತ್ತರಾಗಿ ಮಧ್ಯಾಹ್ನದ ಬಸ್ಸಿಗೆ ಮಗಳ ಊರಿಗೆ ಹೊರಟಿದ್ದರು; ಅಷ್ಟರೊಳಗೆ ಎಲ್ಲರೂ ಸೇರಿ ಒಂದು ಫೋಟೊ ಆಗಬೇಕು. ಆ ಗಡಿಬಿಡಿಯಲ್ಲಿ ಕೆಂಡ ಮುಚ್ಚಳ ತೆಗೆಯದೆ, ಅದರ ಮೇಲೇ ಬಿಳಿ ಬಟ್ಟೆಯ ಸಾಫ್ಟ್‌ಬಾಕ್ಸ್ ಸಿಕ್ಕಿಸಿ, ಬೆಳಕು ಅಂದಾಜಿಸಲು ಉರಿಸುವ ಒಳಗಿನ ಬಲ್ಬು ಹಚ್ಚಿಬಿಟ್ಟ. ಬಟ್ಟೆಯ ಒಳಗಿನದು ಯಾರಿಗೆ ಕಾಣಬೇಕು? ಮೇಷ್ಟ್ರ ಕೋಟಿನ ಕಾಲರನ್ನು ಅತ್ತೆ ಸರಿಮಾಡುತ್ತಿದ್ದಾಗ ವಾಸನೆ ಬಂತು. ಮೊದಲು ಎಲ್ಲರೂ ತುತ್ತೂರಿಯವನ ಬೂಟಿನ ಕಡೆ ನೋಡಿದರು. ಆಮೇಲೆ ಸಾಫ್ಟ್‌ಬಾಕ್ಸಿನ ನೆತ್ತಿಯಿಂದ ತೆಳ್ಳಗೆ ಹೊಗೆ ಎದ್ದಿತು.

ಮಾವ ಓಡಿ ಬಂದು ಬಟ್ಟೆ ಕಿತ್ತು ನೋಡಿದರೆ, ಮುಚ್ಚಳ ಕರಗಿ, ದೀಪದ ಗಾಜಿಗೆ ಅಗಿದ ಚೂಯಿಂಗ್ ಗಮ್ಮಿನ ಹಾಗೆ ಅಂಟಿಕೊಂಡಿತ್ತು. ಆಗ ಬಂದದ್ದು ಆ ಮಾತು.

ತಪ್ಪು ಮಾಡದೆ ಬೈಸಿಕೊಂಡರೆ ಮನುಷ್ಯ ಎದೆಯುಬ್ಬಿಸಿ ಕೂಗಾಡಬಹುದು. ತಪ್ಪು ಮಾಡಿ ಬೈಸಿಕೊಂಡವನಿಗೆ ಆ ಸುಖವೂ ಇಲ್ಲ. ಕೆಂಡನ ಕಿವಿ ಕೆಂಪಾಯಿತು. ಒಂದಕ್ಕಿಂತ ಒಂದು ಚೆಂದದ ಉತ್ತರಗಳು ಗಂಟಲಿಗೆ ಬಂದು ಸಾಲುಗಟ್ಟಿ ನಿಂತವು. ಅತ್ತೆ ಬಾಗಿಲಿಂದಲೇ ಕಣ್ಣು ಅಗಲ ಮಾಡಿ ಟೈರ್ ಅಂಗಡಿಯನ್ನು ನೆನಪಿಸಿದಳು. ಸರಿ, ಎದುರುತ್ತರ ಕೊಡಬಾರದು ತಾನೆ? ಉತ್ತರವನ್ನೇ ಕೊಡುವುದಿಲ್ಲ. ಇವತ್ತಿಡೀ ಮಾವನ ಜೊತೆ ತುಟಿ ಪಿಟಕ್ ಅನ್ನುವುದಿಲ್ಲ. ಮರಳಿನ ಚೀಲ ಎಲ್ಲಾದರೂ ಮಾತಾಡುತ್ತದೆಯೆ? ಹಾಗಂತ ನಿರ್ಧಾರ ಮಾಡಿಕೊಂಡು ಬಾಯಿಗೆ ಬೀಗ ಹಾಕಿದ.

“ಬೇರೆ ದೀಪ ಇದೆ, ಬದಲಾಯಿಸೋಣ,” ಅಂದ ಮಾವ. “ಪಕ್ಕದ್ದೂ ಸೇರಿ ಎರಡೂ ಪೆಟ್ಟಿಗೆ ಆರಿಸು. ಅಜ್ಜನ ಹೊಟ್ಟೆ ಖಾಲಿ ಮಾಡು.”

ಸ್ವಿಚ್ ಆರಿಸಿದ ಮಾತ್ರಕ್ಕೆ ಅಜ್ಜ ತಣ್ಣಗಾಗುವುದಿಲ್ಲ. ತುಂಬಿಕೊಂಡ ಕರೆಂಟು ಕೆಪಾಸಿಟರುಗಳೊಳಗೆ ಹಾಗೇ ಕಾದು ಕೂತಿರುತ್ತದೆ. ಆರಿಸಿದ ಮೇಲೆ ಪೆಟ್ಟಿಗೆಯ ಮೇಲಿನ ಬಿಳಿ ಗುಂಡಿ ಒತ್ತಿ, ಕೊನೆಯ ಮಿಂಚನ್ನು ಹೊರಗೆ ಬಿಟ್ಟು, ಕೆಂಪು ಚುಕ್ಕೆ ನಂದಿದ್ದನ್ನು ಕಣ್ಣಾರೆ ನೋಡಿದ ಮೇಲೇ ಪ್ಲಗ್ ಮುಟ್ಟಬೇಕು. ಅದಕ್ಕೇ ಈ ಸ್ಟುಡಿಯೋದಲ್ಲಿ ಒಂದು ಕಟ್ಟಳೆ. ಮುಟ್ಟುವವನು ‘ಖಾಲಿ?’ ಅಂತ ಕೇಳಬೇಕು. ಗುಂಡಿ ಒತ್ತಿದವನು ಚುಕ್ಕೆ ನೋಡಿ, ಬಾಯಿಬಿಟ್ಟು ‘ಖಾಲಿ’ ಅನ್ನಬೇಕು. ಗಂಡ ಹೆಂಡತಿ ಜಗಳವಾಡಿ ಮೂತಿ ಊದಿಸಿಕೊಂಡ ದಿನಗಳಲ್ಲೂ ಮಾವ, ಅತ್ತೆ ಈ ಎರಡು ಮಾತು ಮಾತ್ರ ತಪ್ಪಿಸಿರಲಿಲ್ಲ. ಮಾವನ ಬಲಗೈ ನಡುಬೆರಳಿನ ತುದಿಯಲ್ಲಿ ಉಗುರೇ ಬೆಳೆಯದ ಒಂದು ಬಿಳಿ ಕಲೆ ಇತ್ತು. ಯಾರಾದರೂ ಕೇಳಿದರೆ ‘ಅಜ್ಜ ಮುತ್ತು ಕೊಟ್ಟಿದ್ದು’ ಅಂತ ನಗುತ್ತಿದ್ದ. ಅದಕ್ಕಿಂತ ಹೆಚ್ಚು ಹೇಳಿದ್ದೇ ಇಲ್ಲ.

ಕೆಂಡ ಮೂಲೆಗೆ ಹೋದ. ಅಲ್ಲಿ ಅಜ್ಜನ ಪಕ್ಕದಲ್ಲೇ ಚಿಕ್ಕ ದೀಪದ ಪೆಟ್ಟಿಗೆಯೂ ಕೂತಿತ್ತು. ಅದಕ್ಕೆ ಅಜ್ಜಿ ಅಂತ ಹೆಸರು. ಅದೇ ಬಣ್ಣ, ಅದೇ ಎತ್ತರ. ಅಜ್ಜನ ಹಿಡಿಗೆ ಮಾತ್ರ ದಾರ ಸುತ್ತಿತ್ತು. ಎರಡರ ಸ್ವಿಚ್ಚನ್ನೂ ಟಕಟಕ ಆರಿಸಿದ. ಬಿಳಿ ಗುಂಡಿಯನ್ನು ಟ್ರಾಂಬೋನಿನವನ ಮೂಗು ಅಂದುಕೊಂಡು ಒತ್ತಿದ. ಠಪ್. ಆ ಬೆಳಕು ಕೋಣೆಯಲ್ಲಿದ್ದ ಅಷ್ಟೂ ಹಿತ್ತಾಳೆಯ ಕಹಳೆ, ಕೊಂಬು, ತುತ್ತೂರಿಗಳ ಮೇಲೆ ಬಿದ್ದು ನಾಲ್ಕೂ ದಿಕ್ಕಿಗೆ ಚೆಲ್ಲಿತು. ಆಯಿತು, ಕೆಲಸ ಮುಗಿಯಿತು ಅಂದುಕೊಂಡು ಕೈಕಟ್ಟಿ, ಗೋಡೆ ನೋಡುತ್ತಾ ನಿಂತ.

ಮಾವ ಅಜ್ಜನ ಮುಂದೆ ಕುಕ್ಕರಗಾಲಲ್ಲಿ ಕೂತು ಪ್ಲಗ್ಗಿನ ಹತ್ತಿರ ಕೈ ಚಾಚಿದ. ಕೆಂಪು ಚುಕ್ಕೆ ಇದ್ದದ್ದು ಪೆಟ್ಟಿಗೆಯ ನೆತ್ತಿಯ ಮೇಲೆ, ಕೆಂಡ ನಿಂತಿದ್ದ ಕಡೆ. ಮಾವ ಕೂತ ಜಾಗಕ್ಕೆ ಅದು ಕಾಣದು.

“ಖಾಲಿ?”

ಕೆಂಡ ತಲೆ ಆಡಿಸಿದ.

ಮಾವನ ಕೈ ಗಾಳಿಯಲ್ಲೇ ನಿಂತಿತು. “ಖಾಲಿನಾ ಅಂದೆ.”

ಕೆಂಡ ಇನ್ನೂ ಜೋರಾಗಿ ತಲೆ ಆಡಿಸಿದ.

“ಖಾಲಿ ಅಂತೆ ಕಣ್ರೀ,” ಅಂದಳು ಅತ್ತೆ. “ಕತ್ತು ಕಳಚಿ ಬೀಳೋ ಹಾಗೆ ತಲೆ ಆಡಿಸ್ತಿದಾನೆ.”

“ನಿನ್ನನ್ನ ಕೇಳಲಿಲ್ಲ. ಅವನ ಬಾಯಿಗೇನಾಗಿದೆ?”

“ನೀವೇ ಮರಳು ಅಂದ್ರಲ್ಲ. ಗಂಟಲವರೆಗೂ ಇಳಿದಿರಬೇಕು.”

ಬ್ಯಾಂಡಿನವರು ಮತ್ತೆ ನಕ್ಕರು. ಮೇಷ್ಟ್ರು ಮಾತ್ರ ಕೋಟಿನ ತೋಳು ಸರಿಸಿ ಗಡಿಯಾರ ನೋಡಿಕೊಂಡರು. ಬಿಳಿ ಮೀಸೆಯ, ಗಿಡ್ಡ ಆಳು. ತಂಡದ ಅತಿ ದೊಡ್ಡ ಕಹಳೆಯೊಳಗೆ ಕೂರಿಸಿದರೆ ಹಿಡಿಸುವಷ್ಟಿದ್ದರು. “ಒಂದು ಮಾತು ಹೇಳಿಬಿಡಪ್ಪ ಅತ್ಲಾಗೆ. ನಿಮ್ಮ ಮೂಕಾಭಿನಯ ಮುಗಿಯೋವರೆಗೂ ನನ್ನ ಬಸ್ಸು ಕಾಯಲ್ಲ,” ಅಂದರು.

“ಬಸ್ಸು ಹೋಗಲಿ, ಫೋಟೊನೂ ಹೋಗಲಿ,” ಅಂದ ಮಾವ. ಕೆಂಡನ ಕಡೆ ತಿರುಗಿದ ಅವನ ದನಿಯಲ್ಲಿ ಈಗ ಬೈಗುಳವಿರಲಿಲ್ಲ. “ನಾನು ಹೀಗೇ ಕೂತಿರ್ತೀನಿ. ತಲೆ ಆಡಿಸಿದ್ದನ್ನ ನಂಬಿ ಒಂದು ಸಲ ಮುಟ್ಟಿದ್ದಾಯ್ತು ನಾನು. ಅವತ್ತು ತಲೆ ಆಡಿಸಿದೋನು ನಿಮ್ಮಪ್ಪ. ನನ್ನ ಮೇಲೆ ಏನೋ ಮುನಿಸು, ಮಾತು ಬಿಟ್ಟಿದ್ದ. ನನಗೆ ಬೆರಳು ಸುಟ್ಟಿತು, ಅವನಿಗೆ ಈ ಕೆಲಸವೇ ಬೇಡವಾಯ್ತು. ನನ್ನ ಮೇಲಿನ ಸಿಟ್ಟು ನಿನ್ನ ಹತ್ರಾನೇ ಇಟ್ಕೋ. ನೋಡಿ ಹೇಳು.”

ಅಪ್ಪ ಯಾಕೆ ಟೈರಿಗೆ ಹೋದ ಅನ್ನುವುದು ಕೆಂಡನಿಗೆ ಗೊತ್ತಾದದ್ದು ಹೀಗೆ, ಕೆಂಪು ಕೋಟಿನ ಒಂದು ಇಡೀ ಪಡೆಯ ಮುಂದೆ. ಆದರೂ ಜಂಬ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಬೇಡ ಅಂದುಕೊಂಡೇ, ಹಾಳಾಗಲಿ ಹೇಳಿ ಮುಗಿಸೋಣ ಅಂತ ಬಾಯಿ ತೆರೆದ. ‘ಖಾಲಿ’ ಅನ್ನಬೇಕಾದರೆ ಚುಕ್ಕೆ ನೋಡಬೇಕು. ಅಷ್ಟು ದಿನದ ಅಭ್ಯಾಸ ಕಣ್ಣನ್ನು ತಾನಾಗಿಯೇ ಕೆಳಗೆ ಎಳೆಯಿತು.

ದಾರ ಸುತ್ತಿದ ಹಿಡಿಯ ಪಕ್ಕದಲ್ಲಿ ಕೆಂಪು ಚುಕ್ಕೆ ಉರಿಯುತ್ತಿತ್ತು. ನಂದಿದ್ದು ಅಜ್ಜಿಯ ಚುಕ್ಕೆ.

ಮಾವನ ನಡುಬೆರಳು, ಆ ಉಗುರಿಲ್ಲದ್ದು, ಪ್ಲಗ್ಗಿಗೆ ಒಂದು ಎಲೆ ಹಿಡಿಯುವಷ್ಟೇ ದೂರದಲ್ಲಿತ್ತು. ಬಾಯಿಗೆ ಹಾಕಿದ ಬೀಗ ಎಲ್ಲಿ ಬಿತ್ತೋ ಅವನಿಗೇ ಗೊತ್ತಾಗಲಿಲ್ಲ.

“ಇಲ್ಲ ಮಾವ. ಖಾಲಿ ಇಲ್ಲ. ಕೈ ತೆಗೀರಿ.”

ಮಾವ ಕೈಯನ್ನು ಮೆಲ್ಲಗೆ ಹಿಂದಕ್ಕೆ ತಂದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಟ್ರಾಂಬೋನಿನವನು ಊದಲು ಉಸಿರು ಎಳೆದುಕೊಂಡಿದ್ದವನು ಊದಲೂ ಆರದೆ, ಬಿಡಲೂ ಆರದೆ ಕೆನ್ನೆ ಉಬ್ಬಿಸಿಕೊಂಡೇ ನಿಂತ. ಅತ್ತೆಯ ಕೈಯಲ್ಲಿದ್ದ ಪೌಡರ್ ಡಬ್ಬಿಯಿಂದ ನೆಲಕ್ಕೆ ಒಂದಿಷ್ಟು ಬಿಳುಪು ಉದುರಿತು.

“ಯಾವ ಗುಂಡಿ ಒತ್ತಿದ್ದೆ?” ಕೇಳಿದ ಮಾವ.

“ಅಜ್ಜೀದು.”

“ಹ್ಞೂಂ. ಅಜ್ಜೀನ ಯಾಕೆ ಎಬ್ಬಿಸಿದೆ ಪಾಪ. ಈಗ ಅಜ್ಜನದು ಒತ್ತು.”

ಒತ್ತಿದ. ಈ ಸಲದ ಸದ್ದಿಗೆ ಮುಂದಿನ ಸಾಲು ಪೂರ್ತಿ ಬೆಚ್ಚಿಬಿತ್ತು, ಡ್ರಮ್ಮಿನವನ ಕೋಲು ಕೆಳಗೆ ಬಿತ್ತು, ಅರ್ಧ ತಂಡ ಕಣ್ಣುಜ್ಜಿಕೊಂಡಿತು. ಅಷ್ಟೂ ಸಿಡಿಲು ಮಾವನ ಕೈಯ ಪಕ್ಕದಲ್ಲಿ ಸದ್ದಿಲ್ಲದೆ ಕೂತಿತ್ತಲ್ಲ ಅಂತ ಎಲ್ಲರಿಗೂ ಒಟ್ಟಿಗೇ ಅರ್ಥವಾದ ಹಾಗಿತ್ತು. ಕೆಂಡ ಬಗ್ಗಿ, ಚುಕ್ಕೆ ಪೂರ್ತಿ ನಂದುವವರೆಗೆ ನೋಡಿ, ಆಮೇಲೂ ಸ್ವಲ್ಪ ಹೊತ್ತು ನೋಡಿ, “ಖಾಲಿ,” ಅಂದ.

ಮಾವ ಕೈ ಚಾಚಲಿಲ್ಲ. ಮಂಡಿಯ ಮೇಲೆ ಕೈಯೂರಿ, ಲಟಕ್ ಲಟಕ್ ಅಂತ ಎದ್ದು ನಿಂತ. ಇನ್ನು ಟೈರ್ ಅಂಗಡಿಯೇ ಗತಿ ಅಂತ ಕೆಂಡ ಮನಸ್ಸಿನಲ್ಲೇ ಗಾಳಿ ಪಂಪು ಎಲ್ಲಿಟ್ಟಿದ್ದೆ ಅಂತ ನೆನಪಿಸಿಕೊಂಡ.

“ನೀನೇ ಬಿಚ್ಚು,” ಅಂದ ಮಾವ.

“ನಾನಾ?”

“ಇನ್ಯಾರು, ಟ್ರಾಂಬೋನಾ? ನಿಮ್ಮಪ್ಪ ಅವತ್ತು ನೋಡದೆ ತಲೆ ಆಡಿಸಿದ. ನೀನೂ ಆಡಿಸಿದೆ, ಆದ್ರೆ ಆಮೇಲೆ ನೋಡಿದೆ. ಇಷ್ಟು ಜನರ ಮುಂದೆ ‘ಇಲ್ಲ’ ಅಂದೆ. ಬಿಚ್ಚು ಈಗ, ಮೇಷ್ಟ್ರ ಬಸ್ಸು ಹೋಗುತ್ತೆ.”

ಕೆಂಡ ಕೂತ. ಪ್ಲಗ್ಗಿನ ಹತ್ತಿರ ಕೈ ಒಯ್ದು, ಅಲ್ಲೇ ನಿಲ್ಲಿಸಿ, ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆಯನ್ನು ತಾನು ಕೇಳಿದ. “ಖಾಲಿ?”

ಮಾವ ಹಣೆಯ ಮೇಲಿದ್ದ ಕನ್ನಡಕವನ್ನು ಕೆಳಗಿಳಿಸಿಕೊಂಡು, ಬಗ್ಗಿ, ಚುಕ್ಕೆಯನ್ನೇ ನೋಡಿದ. “ಖಾಲಿ.”

ಪ್ಲಗ್ಗು ಎಂದೋ ಅಲ್ಲಾಡುತ್ತಿದ್ದ ಹಲ್ಲಿನ ಹಾಗೆ ಕೈಗೆ ಬಂತು.

ಆಮೇಲಿನ ಕೆಲಸಕ್ಕೆ ರೆಕ್ಕೆ ಬಂತು. ಕೆಂಡ ಹತ್ತಿಯ ಕೈಗವಸು ತೊಟ್ಟು ಬೇರೆ ದೀಪ ತಂದ. ಬರಿಗೈಯ ಜಿಡ್ಡು ತಾಗಿದರೆ ಆ ಜಾಗದಲ್ಲೇ ಬಲ್ಬು ಕಾದು ಸೀಳುತ್ತದೆ. ಸಾಫ್ಟ್‌ಬಾಕ್ಸ್ ಎತ್ತಿದ್ದೇ ತಡ, ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ಅಣ್ಣಾ, ಮುಚ್ಚಳ?” ಉಳಿದವರೂ ದನಿಗೂಡಿಸಿದರು. ಕೆಂಡ ಮುಚ್ಚಳವನ್ನು ತೆಗೆದು, ಪಂದ್ಯದಲ್ಲಿ ಗೆದ್ದ ಕಪ್ಪಿನ ಹಾಗೆ ಎತ್ತಿ ಎಲ್ಲರಿಗೂ ತೋರಿಸಿದ. ತಂಡ ಚಪ್ಪಾಳೆ ತಟ್ಟಿತು, ಡ್ರಮ್ಮಿನವನು ಗಡಗಡ ಅಂತ ಬಾರಿಸಿದ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಹಾಕುವಾಗ ಟ್ರಾಂಬೋನಿನವನ ಬಾಯಿ ಮತ್ತೆ ತುರಿಸಿತು.

“ನಿಮ್ಮ ತಮ್ಮನಾ?” ಅಂದ, ಚೀಲ ತೋರಿಸಿ.

ಕೆಂಡ ಅವನನ್ನು ಕಣ್ಣಲ್ಲೇ ನುಂಗಿದ. ಆಮೇಲೆ ಏನನ್ನಿಸಿತೋ, ಚೀಲದ ಬೆನ್ನು ತಟ್ಟಿ, “ಅಣ್ಣ,” ಅಂದ. “ನನಗಿಂತ ಶಾಂತಸ್ವಭಾವ.”

ಅತ್ತೆ ಇದನ್ನು ಎದುರುತ್ತರದ ಲೆಕ್ಕಕ್ಕೆ ಹಿಡಿಯಲಿಲ್ಲ. ಮಾವನಿಗೆ ಹೇಳಿದ್ದಲ್ಲವಲ್ಲ.

ಅಜ್ಜನನ್ನು ಮೊದಲು ಕಡಿಮೆ ಶಕ್ತಿಯಲ್ಲಿಟ್ಟು, ಸದ್ದು ಕೇಳಿ, ಒಂದೊಂದೇ ಮೆಟ್ಟಿಲು ಏರಿಸಿದರು. ಕುಂಯ್ ಅನ್ನುವ ರಾಗ ಎದ್ದದ್ದೇ ಮೇಷ್ಟ್ರು ಕಿವಿ ನಿಮಿರಿಸಿ, “ಇದು ನಮ್ಮ ಕೊಂಬಿನವನಿಗಿಂತ ಶ್ರುತಿಯಲ್ಲಿದೆ,” ಅಂದರು. ಕೊಂಬಿನವನು ಮುಖ ಸಣ್ಣ ಮಾಡಿಕೊಂಡ. ಅದೇ ಮುಖ ಮೊದಲ ಫೋಟೊದಲ್ಲಿ ಬಂತು. ಎರಡನೆಯದರಲ್ಲಿ ಟ್ರಾಂಬೋನಿನ ಕೊಳವೆ ಪಕ್ಕದವನ ಮುಖ ಮುಚ್ಚಿತು. ಮೂರನೆಯದಕ್ಕೆ ಮಾವ ಕಿವಿ ಒಡೆಯುವ ಹಾಗೆ “ಗಲ್ಲ ಮೇಲೆ” ಅಂದ. ಮೇಷ್ಟ್ರು ನಡುವೆ ಕೂತು, ಇಡೀ ತಂಡವನ್ನು ಬೆನ್ನಿಗಿಟ್ಟುಕೊಂಡು, ಮೀಸೆಯೊಳಗೇ ನಕ್ಕರು. ಅಜ್ಜ ಠಪ್ಪೆಂದ. ಹಿತ್ತಾಳೆಯೆಲ್ಲ ಬಂಗಾರವಾಯಿತು. ತೆರೆಯ ಮೇಲೆ ಫೋಟೊ ನೋಡಿದ ಮೇಷ್ಟ್ರು ಒಂದೊಂದೇ ಮುಖದ ಮೇಲೆ ಬೆರಳಿಟ್ಟು ಎಣಿಸಿದರು. ಕೊನೆಗೆ, “ಎಲ್ಲ ಕಳ್ಳರೂ ಚೆನ್ನಾಗಿ ಬಂದಿದ್ದಾರೆ,” ಅಂದು ಕರವಸ್ತ್ರ ಹುಡುಕಿಕೊಂಡರು.

ಮೇಷ್ಟ್ರ ಟ್ರಂಕನ್ನು ಇಬ್ಬರು ಎತ್ತಿಕೊಂಡರು. ಕೆಂಪು ಕೋಟುಗಳು ಬಾಗಿಲ ಕಡೆ ಹೊರಳಿದವು. ಕೆಂಡ ಪೆಟ್ಟಿಗೆಗಳನ್ನು ಆರಿಸಿದ; ಅಜ್ಜಿಯ ಗುಂಡಿ ಒತ್ತಿ ನೋಡಿದ, ಅಜ್ಜನ ಗುಂಡಿ ಒತ್ತಿ ನೋಡಿದ. “ಖಾಲಿ,” ಅಂದ. “ಖಾಲಿ,” ಅಂದ ಮಾವ. ಆಮೇಲೆ ಅವನಿಗೆ ತನ್ನ ಹಳೇ ಗಂಟಲು ವಾಪಸ್ ಬಂತು.

“ಏಯ್ ಮರಳಿನ ಚೀಲ,” ಅಂತ ಇಡೀ ಬ್ಯಾಂಡಿಗೆ ಕೇಳುವ ಹಾಗೆ ಕೂಗಿದ. “ನಾಳೆ ಇಲ್ಲಿಗೆ ಬರ್ತೀಯೋ, ಇಲ್ಲ ಟೈರಿಗೆ ಗಾಳಿ ಹೊಡೆಯೋಕೆ ಹೋಗ್ತೀಯೋ?”

ಬಾಗಿಲಲ್ಲಿ ಎಲ್ಲರೂ ನಿಂತರು. ಟ್ರಾಂಬೋನು ಬಾಯಿಗೆ ಹೋಯಿತು. ಅತ್ತೆ ಪೌಡರ್ ಡಬ್ಬಿಯ ಮರೆಯಲ್ಲಿ ತುಟಿ ಕಚ್ಚಿಕೊಂಡಳು. ಕೆಂಡನ ಗಂಟಲಿಗೆ ಉತ್ತರಗಳು ಬಂದವು, ಬೆಳಿಗ್ಗಿನವಕ್ಕಿಂತ ಚೆನ್ನಾಗಿದ್ದವು. ಅದರಲ್ಲೊಂದಂತೂ ಮಾವನ ಬೋಳುತಲೆಯನ್ನೂ ಟೈರನ್ನೂ ಸೇರಿಸಿ ಹೆಣೆದದ್ದು, ಹಾಳುಮಾಡಲು ಮನಸ್ಸೇ ಬಾರದಂಥದ್ದು. ಅದನ್ನು ಒಳಮನೆಗೆ ಅಂತ ಎತ್ತಿಟ್ಟುಕೊಂಡ. ಮಾವ ಕೇಳಿದ್ದು ಬಾಯಿಬಿಟ್ಟೇ ಉತ್ತರಿಸಬೇಕಾದ ದೀಪದ ಪ್ರಶ್ನೆಯೇನೂ ಅಲ್ಲವಲ್ಲ.

ಅವನು ಬಗ್ಗಿ, ಹೆಗಲಿಗೊಂದರಂತೆ ಎರಡೂ ಮರಳಿನ ಚೀಲಗಳನ್ನು ಏರಿಸಿಕೊಂಡ. ಕೈಗವಸುಗಳನ್ನು ಬಿಚ್ಚಿರಲಿಲ್ಲ. ಬೆನ್ನ ಹಿಂದೆ ಟ್ರಾಂಬೋನು ‘ವಾ… ವಾ…’ ಅಂತ ಶುರುವಾಗಿ, ಈ ಸಲ ಕೆಳಗಿಳಿಯದೆ, ಅವನ ಹೆಜ್ಜೆಗೆ ಹೆಜ್ಜೆ ಕೂಡಿಸಿ ಮೇಲಕ್ಕೇರಿತು. ಕೆಂಡ ಯಾರ ಮುಖವನ್ನೂ ನೋಡದೆ, ಚೀಲಗಳನ್ನು ನಾಳೆಗೆ ತೆಗೆದಿಡಲು ಉಗ್ರಾಣದ ಕಡೆ ನಡೆದ.